ಒಂಬತ್ತನೇ ಕ್ಲಾಸಿಗೆ ಯಹೂದಿ ನರಮೇಧದ ಪಾಠ: ಎಲ್ಲಿಂದ ಶುರು ಮಾಡುವುದು?

ಸಮಾಜ ಮೇಷ್ಟ್ರು:
ಎಲ್ಲರಿಗೂ ನಮಸ್ಕಾರ. ನಾನು ಹಳ್ಳಿ ಕಡೆಯ ಹೈಸ್ಕೂಲಿನಲ್ಲಿ ಸಮಾಜ ವಿಜ್ಞಾನ ಹೇಳುವವನು. ಕ್ಲಾಸಿನಲ್ಲಿ 46 ಮಕ್ಕಳು. ಎರಡನೇ ಮಹಾಯುದ್ಧದ ಪಾಠ ಬಂದಾಗಲೆಲ್ಲ ಒಂದೇ ಜಾಗದಲ್ಲಿ ಸಿಕ್ಕಿಹಾಕಿಕೊಳ್ಳುತ್ತೇನೆ. ಹಿಟ್ಲರ್ ಬರುತ್ತಾನೆ, ಯಹೂದಿಗಳನ್ನು ದ್ವೇಷಿಸುತ್ತಾನೆ, ನಾಲ್ಕು ಸಾಲು ದಾಟಿದರೆ 60 ಲಕ್ಷ ಜನ ಸತ್ತಿರುತ್ತಾರೆ. ನಡುವಿನ ವರ್ಷಗಳು ಎಲ್ಲಿ ಹೋದವು? ಮಕ್ಕಳಿಗೆ ಉಳಿಯುವುದು ಇಷ್ಟೇ: ಒಬ್ಬ ಹುಚ್ಚ ಬಂದ, ಕೊಂದ, ಸತ್ತ.

ಮೂರು ವರ್ಷದ ಹಿಂದೆ ಒಂದು ತಪ್ಪು ಮಾಡಿದೆ. ಲ್ಯಾಪ್‌ಟಾಪಿನಲ್ಲಿ ಶಿಬಿರಗಳ ಫೋಟೋ ತೋರಿಸಿದೆ, ಹೆಣಗಳ ರಾಶಿ, ಅದೇ. ಹಿಂದಿನ ಬೆಂಚಿನ ಇಬ್ಬರು ಕಿಸಕ್ಕನೆ ನಕ್ಕರು. ಒಂದು ಹುಡುಗಿ ಮಧ್ಯಾಹ್ನ ಬಿಸಿಯೂಟಕ್ಕೆ ಬಂದು ಕೂರಲೇ ಇಲ್ಲ. ನಕ್ಕವರಿಗೆ ಚೆನ್ನಾಗಿ ಬೈದೆ. ಹೆದರಿಕೆಯಾದಾಗಲೂ ಮಕ್ಕಳು ನಗುತ್ತವೆ ಅಂತ ಆಮೇಲೆ ಹೊಳೆಯಿತು, ಬೈಸಿಕೊಳ್ಳಬೇಕಾದವನು ನಾನೇ ಆಗಿದ್ದೆ.

ಕಳೆದ ವರ್ಷ ಬೇರೆ ದಾರಿ ಹಿಡಿದೆ. 20 ಚೀಟಿ ಬರೆದೆ. ಒಂದೊಂದರಲ್ಲಿ ಯಹೂದಿಗಳ ಮೇಲೆ ಹಾಕಿದ ಒಂದೊಂದು ನಿಯಮ, ಹಿಂಬದಿಯಲ್ಲಿ ತಾರೀಕು. ಸರ್ಕಾರಿ ಕೆಲಸದಲ್ಲಿ ಇರುವಂತಿಲ್ಲ. ಹೆಸರಿನ ಜೊತೆ ಗಂಡಸರು ಇಸ್ರೇಲ್ ಅಂತ, ಹೆಂಗಸರು ಸಾರಾ ಅಂತ ಸೇರಿಸಿಕೊಳ್ಳಬೇಕು. ರೇಡಿಯೋ ಒಪ್ಪಿಸಬೇಕು. ಸೈಕಲ್ ಒಪ್ಪಿಸಬೇಕು. ಬೆಕ್ಕು, ನಾಯಿ ಸಾಕುವಂತಿಲ್ಲ. ಯಾವುದು ಮೊದಲು ಬಂದಿರಬಹುದು, ಜೋಡಿಸಿ ಅಂದೆ. ಎಲ್ಲ ಗುಂಪೂ ಬೆಕ್ಕಿನ ಚೀಟಿಯನ್ನು ಮೊದಲಿಗೆ ಇಟ್ಟಿತು, ಚಿಕ್ಕ ವಿಷಯ ಅಲ್ವಾ. ತಿರುಗಿಸಿ ನೋಡಿದರೆ 1942ರ ಮೇ. ಅಷ್ಟು ಹೊತ್ತಿಗೆ ಪೋಲೆಂಡಿನಲ್ಲಿ ಕೊಲ್ಲುವುದಕ್ಕೆಂದೇ ಕಟ್ಟಿದ ಶಿಬಿರಗಳು ನಡೆಯುತ್ತಿದ್ದವು.

ಒಬ್ಬಳು ಎದ್ದು ಕೇಳಿದಳು, "ಕೊಲ್ಲೋದೇ ಅಂತ ಆದಮೇಲೆ ಬೆಕ್ಕು ಯಾಕೆ ಬೇಕಿತ್ತು ಸರ್?" ನನಗೆ ಉತ್ತರ ಗೊತ್ತಿರಲಿಲ್ಲ. ಬೆಲ್ ಹೊಡೆಯಿತು, ಬಚಾವಾದೆ. ಈ ವರ್ಷ ಎರಡು ಪೀರಿಯಡ್ ಇದೆ, ಜೊತೆಗೆ ಒಂದು ಶನಿವಾರದ ಬೆಳಗಿನ ಕ್ಲಾಸು. ಏನು ಹೇಳಲಿ, ಏನು ಬಿಡಲಿ?

ಪಿಯು ಇತಿಹಾಸ:
ಮೇಷ್ಟ್ರೇ, ಚೀಟಿ ಬಿಡಬೇಡಿ, ಅದೇ ಸರಿಯಾದ ದಾರಿ. ನಾನು ಶುರು ಮಾಡುವುದು ಒಂದು ಸಂಖ್ಯೆಯಿಂದ. 1933ರಲ್ಲಿ ಜರ್ಮನಿಯಲ್ಲಿದ್ದ ಯಹೂದಿಗಳು ಸುಮಾರು 5 ಲಕ್ಷ. ನೂರಕ್ಕೆ ಒಬ್ಬರೂ ಇಲ್ಲ. ಇಷ್ಟು ಚಿಕ್ಕ ಗುಂಪು ದೇಶವನ್ನೇ ನುಂಗುತ್ತಿದೆ ಅಂತ ಜನ ಹೇಗೆ ನಂಬಿದರು ಅಂತ ಕೇಳಿ ಸುಮ್ಮನಾಗುತ್ತೇನೆ. ಮಕ್ಕಳೇ ಮಾತಾಡಲಿ.

ಆಮೇಲೆ ಆ ಮೊದಲ ವಸಂತ. ಹಿಟ್ಲರ್ ಚಾನ್ಸಲರ್ ಆಗಿದ್ದು 1933ರ ಜನವರಿ 30. ಏಪ್ರಿಲ್ 1ಕ್ಕೆ ಯಹೂದಿ ಅಂಗಡಿಗಳ ಬಹಿಷ್ಕಾರ. ಏಪ್ರಿಲ್ 7ಕ್ಕೆ ಸರ್ಕಾರಿ ನೌಕರಿಯಿಂದ ತೆಗೆಯುವ ಕಾನೂನು. ಮೊದಲ ಮಹಾಯುದ್ಧದಲ್ಲಿ ಜರ್ಮನಿಗಾಗಿ ಹೋರಾಡಿದ ಯಹೂದಿಗಳಿಗೆ ಅದರಲ್ಲಿ ವಿನಾಯಿತಿ ಇತ್ತು, ಅಧ್ಯಕ್ಷ ಹಿಂಡನ್‌ಬರ್ಗ್ ಕೇಳಿ ಸೇರಿಸಿದ್ದು. ಇದನ್ನು ಬಿಡದೆ ಹೇಳಿ. ಯಾಕೆಂದರೆ ವಿನಾಯಿತಿ ಸಿಕ್ಕವನು ಏನಂದುಕೊಳ್ಳುತ್ತಾನೆ? ನಾನು ಬೇರೆ, ನನಗೇನೂ ಆಗುವುದಿಲ್ಲ ಅಂತ. ಎರಡೇ ವರ್ಷದಲ್ಲಿ ಅದನ್ನೂ ಕಿತ್ತುಕೊಂಡರು.

ಇನ್ನು 1935ರ ಸೆಪ್ಟೆಂಬರಿನ ನ್ಯೂರೆಂಬರ್ಗ್ ಕಾನೂನು. ಯಹೂದಿ ಅಂದರೆ ರಕ್ತ, ಜನಾಂಗ, ವಿಜ್ಞಾನ ಅಂತೆಲ್ಲ ಬೊಗಳೆ ಬಿಟ್ಟರಲ್ಲ, ರಕ್ತವನ್ನು ಹೇಗೆ ಪರೀಕ್ಷೆ ಮಾಡಿದರು ಅಂತ ಮಕ್ಕಳನ್ನು ಕೇಳಿ. ಪರೀಕ್ಷೆ ಇರಲೇ ಇಲ್ಲ! ಅಜ್ಜ ಅಜ್ಜಿಯರ ಧರ್ಮ ಯಾವುದು ಅಂತ ಹಳೇ ದಾಖಲೆ ತೆಗೆದು ನೋಡಿದರು. ನಾಲ್ಕರಲ್ಲಿ ಮೂವರು ಯಹೂದಿ ಧರ್ಮದವರಾಗಿದ್ದರೆ ನೀನೂ ಯಹೂದಿ, ನೀನು ಚರ್ಚಿಗೆ ಹೋಗುವವನಾದರೂ ಅಷ್ಟೇ. ಎಡಿತ್ ಸ್ಟೈನ್ ಕ್ಯಾಥೊಲಿಕ್ ಸನ್ಯಾಸಿನಿಯಾಗಿದ್ದರು, ಅವರನ್ನೂ 1942ರಲ್ಲಿ ಆಶ್ವಿಟ್ಸ್‌ನಲ್ಲಿ ಕೊಂದರು. ಈ ಜಾಗದಲ್ಲಿ ನನ್ನ ಕ್ಲಾಸಿನಲ್ಲಿ ಯಾವಾಗಲೂ ಯಾರಾದರೂ ಒಬ್ಬರು "ಹಾಗಾದ್ರೆ ಅದು ಸುಳ್ಳು ತಾನೇ ಮೇಡಂ" ಅನ್ನುತ್ತಾರೆ.

ಸುಮ್ನೆ ಓದುವವ:
ಬೇಜಾರಾಗಬೇಡಿ, ಆದರೆ ಪರೀಕ್ಷೆಗೆ ಎರಡು ಮಾರ್ಕಿಗೆ ಬರುವ ಪ್ರಶ್ನೆಗೆ ಮೂರು ಕ್ಲಾಸಾ? ಪೋರ್ಷನ್ ಮುಗಿಯುವುದು ಬೇಡವಾ? ಇನ್ನೊಂದು ವಿಷಯ, ಚಿಕ್ಕಂದಿನಿಂದ ನನಗೆ ಇರುವ ಅನುಮಾನ. ಅಷ್ಟು ವರ್ಷ ಟೈಮ್ ಇತ್ತಲ್ಲ, ಯಾಕೆ ಓಡಿಹೋಗಲಿಲ್ಲ ಅವರು?

ಪಿಯು ಇತಿಹಾಸ:
ಓಡಿಹೋದರು ಸರ್. 1939ರ ಸೆಪ್ಟೆಂಬರಿನಲ್ಲಿ ಯುದ್ಧ ಶುರುವಾಗುವ ಹೊತ್ತಿಗೆ ಜರ್ಮನಿಯ ಅರ್ಧಕ್ಕಿಂತ ಜಾಸ್ತಿ ಯಹೂದಿಗಳು ದೇಶ ಬಿಟ್ಟಿದ್ದರು. ಹೋಗುವವರ ಆಸ್ತಿಯ ಕಾಲು ಭಾಗ ತೆರಿಗೆಗೇ ಹೋಗುತ್ತಿತ್ತು, ಉಳಿದದ್ದನ್ನು ಹೊರಗೆ ಒಯ್ಯಲು ಬಿಡುತ್ತಿರಲಿಲ್ಲ. ಕೈಯಲ್ಲಿ ಕಾಸಿಲ್ಲದವರಿಗೆ ವೀಸಾ ಯಾರು ಕೊಡುತ್ತಾರೆ? 1938ರ ಜುಲೈಯಲ್ಲಿ ಫ್ರಾನ್ಸಿನ ಎವಿಯಾನ್‌ನಲ್ಲಿ 32 ದೇಶಗಳು ಸೇರಿ ಇದನ್ನೇ ಚರ್ಚಿಸಿದವು. ಅಯ್ಯೋ ಪಾಪ ಅಂದವು, ಬಹುತೇಕ ಯಾರೂ ಬಾಗಿಲು ತೆಗೆಯಲಿಲ್ಲ. 1939ರ ಮೇನಲ್ಲಿ ಸೇಂಟ್ ಲೂಯಿಸ್ ಹಡಗಿನಲ್ಲಿ 937 ಜನ ಕ್ಯೂಬಾಕ್ಕೆ ಹೊರಟರು. ಕ್ಯೂಬಾ ಕೆಲವೇ ಮಂದಿಯನ್ನು ಬಿಟ್ಟು ಉಳಿದವರನ್ನು ಇಳಿಸಿಕೊಳ್ಳಲಿಲ್ಲ. ಅಮೆರಿಕದ ದೀಪಗಳು ಕಾಣುವಷ್ಟು ಹತ್ತಿರ ಹೋಗಿ ಯುರೋಪಿಗೆ ವಾಪಸ್ ಬಂದರು. ಅವರಲ್ಲಿ 254 ಜನ ಆಮೇಲೆ ನರಮೇಧದಲ್ಲಿ ಸತ್ತರು.

"ಯಾಕೆ ಓಡಿಹೋಗಲಿಲ್ಲ" ಅಂತ ಮಕ್ಕಳೂ ಕೇಳುತ್ತಾರೆ. ಪ್ರತಿಸಲ ನಾನು ಪ್ರಶ್ನೆಯನ್ನು ತಿರುಗಿಸುತ್ತೇನೆ, ಯಾರು ಒಳಗೆ ಬಿಟ್ಟುಕೊಳ್ಳಲಿಲ್ಲ ಅಂತ.

ಬರ್ಲಿನ್ ಕನ್ನಡತಿ:
ಮೇಷ್ಟ್ರೇ, ನಿಮ್ಮ ಚೀಟಿಗಳನ್ನು ಇಲ್ಲಿ ಒಂದು ಬಡಾವಣೆಯ ದೀಪದ ಕಂಬಗಳಿಗೇ ನೇತುಹಾಕಿದ್ದಾರೆ! ಶೋನೆಬರ್ಗ್‌ನ ಬವೇರಿಯನ್ ಬಡಾವಣೆ, ಐನ್‌ಸ್ಟೈನ್ ಇದ್ದದ್ದೂ ಅಲ್ಲೇ. 1993ರಲ್ಲಿ ಹಾಕಿದ 80 ಫಲಕಗಳು. ಒಂದು ಬದಿಗೆ ಮಕ್ಕಳ ಪುಸ್ತಕದಲ್ಲಿರುವ ಹಾಗೆ ಬಣ್ಣದ ಚಿತ್ರ, ಇನ್ನೊಂದು ಬದಿಗೆ ನಿಯಮ ಮತ್ತು ತಾರೀಕು. ಬ್ರೆಡ್ಡಿನ ಚಿತ್ರದ ಹಿಂದೆ, ಬರ್ಲಿನ್ನಿನ ಯಹೂದಿಗಳು ಸಂಜೆ 4ರಿಂದ 5ರ ಒಳಗೆ ಮಾತ್ರ ಸಾಮಾನು ಕೊಳ್ಳಬಹುದು, 1940ರ ಜುಲೈ. ಮೊದಲ ಸಲ ನೋಡಿದಾಗ ಕೈಯಲ್ಲಿ ತರಕಾರಿ ಚೀಲ ಇತ್ತು. ಗಂಟೆ ಆರಾಗಿತ್ತು. ಆ ಒಂದು ಗಂಟೆಯಲ್ಲಿ ಅಂಗಡಿಯಲ್ಲಿ ಏನು ಉಳಿದಿರುತ್ತದೆ ಅಂತ ಮನೆ ನಡೆಸುವವರಿಗೆ ಹೇಳಬೇಕಾಗಿಲ್ಲ.

ನಿಮ್ಮ ಹುಡುಗಿಯ ಬೆಕ್ಕಿನ ಪ್ರಶ್ನೆಗೆ ಒಂದು ನಿಜವಾದ ಬೆಕ್ಕು ಕೊಡುತ್ತೇನೆ. ಡ್ರೆಸ್ಡನ್ನಿನಲ್ಲಿ ವಿಕ್ಟರ್ ಕ್ಲೆಂಪರರ್ ಅಂತ ಪ್ರೊಫೆಸರ್ ಇದ್ದರು. ಹುಟ್ಟಿನಿಂದ ಯಹೂದಿ, ಆಮೇಲೆ ಪ್ರೊಟೆಸ್ಟೆಂಟ್ ಆದವರು, ಹೆಂಡತಿ ಎವಾ ಯಹೂದಿ ಅಲ್ಲ. ಆ ಮದುವೆಯಿಂದಲೇ ಅವರು ಉಳಿದುಕೊಂಡದ್ದು. 1935ರಲ್ಲಿ ಕೆಲಸ ಹೋಯಿತು, ಆಮೇಲೆ ಲೈಬ್ರರಿ, ಮನೆ, ಟೈಪ್‌ರೈಟರ್. ಎಲ್ಲವನ್ನೂ ಕದ್ದುಮುಚ್ಚಿ ದಿನಚರಿಯಲ್ಲಿ ಬರೆದಿಟ್ಟರು. ಅವರ ಬೆಕ್ಕಿನ ಹೆಸರು ಮುಶೆಲ್. ನಿಯಮ ಬಂದಾಗ ಯಾರಿಗೋ ಕೊಟ್ಟುಬಿಡುವ ಹಾಗೂ ಇರಲಿಲ್ಲ. ಎವಾ ಅದನ್ನು ಡಾಕ್ಟರ ಹತ್ತಿರ ಒಯ್ದು, ಕೊಲ್ಲಿಸಿ ಬಂದರು.

ರಂಗದ ಹುಚ್ಚು:
ಇದನ್ನೇ ಆಟದ ಥರ ಮಾಡಬಹುದಲ್ವಾ ಮೇಷ್ಟ್ರೇ? ಯಹೂದಿಗಳು ಬಟ್ಟೆ ಮೇಲೆ ಹಾಕಿಕೊಳ್ಳಲೇಬೇಕಿದ್ದ ಹಳದಿ ನಕ್ಷತ್ರವನ್ನು ಅರ್ಧ ಕ್ಲಾಸಿಗೆ ಅಂಟಿಸಿ, ಒಂದು ದಿನ ಅವರನ್ನು ಹಿಂದೆ ಕೂರಿಸಿ, ಯಾರೂ ಮಾತಾಡಿಸಬಾರದು ಅಂತ ಹೇಳಿ. ಮಕ್ಕಳಿಗೆ ಅನುಭವ ಆಗುತ್ತದೆ.

ಸಮಾಜ ಮೇಷ್ಟ್ರು:
ಬೇಡ ಸ್ವಾಮಿ. ನಾನೂ ಒಮ್ಮೆ ಯೋಚಿಸಿದ್ದೆ. ಸಂಜೆ ಆಟ ಮುಗಿಯುತ್ತದೆ, ಮಕ್ಕಳು ನಕ್ಕೊಂಡು ಮನೆಗೆ ಹೋಗುತ್ತವೆ, "ಓ ಇಷ್ಟೇನಾ" ಅಂತ. ಅದಕ್ಕಿಂತ ದೊಡ್ಡ ಕಾರಣ, ನಮ್ಮಜ್ಜನನ್ನು ಶಾಲೆಯಲ್ಲಿ ಹೊರಗೆ ಕೂರಿಸುತ್ತಿದ್ದರು ಅಂತ ಮನೆಯಲ್ಲಿ ಕೇಳಿಕೊಂಡು ಬಂದ ಮಕ್ಕಳು ನನ್ನ ಕ್ಲಾಸಿನಲ್ಲಿವೆ. ಅವರನ್ನು ಆಟಕ್ಕೂ ಹಿಂದೆ ಕೂರಿಸಲಾರೆ.

ರಂಗದ ಹುಚ್ಚು:
ಒಪ್ಪಿದೆ. ಈ ಕಡೆ ಯೋಚನೆ ಹೋಗಿರಲಿಲ್ಲ.

ಹಳೇ ಕಡತ:
ನನ್ನದೊಂದು ತಕರಾರು, ಎಲ್ಲರ ಮೇಲೂ. ಇಲ್ಲಿ ತನಕ ಬಂದ ಮಾತೆಲ್ಲ ಜರ್ಮನಿಯದ್ದು. ಮೆಟ್ಟಿಲು ಮೆಟ್ಟಿಲಾಗಿ ಏರಿತು ಅಂತ ಬೋರ್ಡಿನ ಮೇಲೆ ಏಣಿ ಬರೆದು ಪಾಠ ಮಾಡಿದರೆ ಚೆಂದ ಕಾಣುತ್ತದೆ, ಆದರೆ ಸತ್ತವರಲ್ಲಿ ಹೆಚ್ಚಿನವರು ಆ ಏಣಿಯನ್ನು ನೋಡಿದವರೇ ಅಲ್ಲ. ಸತ್ತ 60 ಲಕ್ಷದಲ್ಲಿ ಪೋಲೆಂಡಿನವರೇ ಸುಮಾರು 30 ಲಕ್ಷ. ಅವರಿಗೆ 1933 ಇಲ್ಲ, ನ್ಯೂರೆಂಬರ್ಗ್ ಇಲ್ಲ. 1939ರಲ್ಲಿ ಸೈನ್ಯ ಬಂತು, ಮುಂದಿನ ವರ್ಷ ವಾರ್ಸಾದಲ್ಲಿ ಗೋಡೆ ಎದ್ದಿತು, ಮೂರೂವರೆ ಚದರ ಕಿಲೋಮೀಟರೂ ಇಲ್ಲದ ಜಾಗಕ್ಕೆ 4 ಲಕ್ಷಕ್ಕೂ ಜಾಸ್ತಿ ಜನರನ್ನು ತುರುಕಿದರು. ಹಸಿವು, ಟೈಫಸ್. 1942ರ ಜುಲೈಯಿಂದ ಟ್ರೆಬ್ಲಿಂಕಾ ಅನ್ನುವ ಕೊಲ್ಲುವ ಶಿಬಿರಕ್ಕೆ ರೈಲು.

ಇನ್ನೂ ಪೂರ್ವಕ್ಕೆ ಹೋದರೆ ವರ್ಷಗಳಲ್ಲ, ವಾರಗಳ ಲೆಕ್ಕ. ಸೋವಿಯತ್ ಒಕ್ಕೂಟದ ಮೇಲೆ ದಾಳಿ ಶುರುವಾಗಿದ್ದು 1941ರ ಜೂನ್ 22. ಲಿಥುವೇನಿಯಾದಲ್ಲಿದ್ದ ಕಾರ್ಲ್ ಯೇಗರ್ ಅನ್ನುವ, ಹಿಟ್ಲರನ ಪಕ್ಷದ ಸಶಸ್ತ್ರ ಪಡೆಯಾದ ಎಸ್‌ಎಸ್ ಅಧಿಕಾರಿ ಡಿಸೆಂಬರ್ 1ಕ್ಕೆ ಒಂದು ವರದಿ ಬರೆದ. ತಾರೀಕು, ಊರು, ಎಷ್ಟು ಜನರನ್ನು ಕೊಂದರು, ಕೊನೆಗೆ ಮೊತ್ತ 1,37,346. ನಮ್ಮ ಜಮಾ ಖರ್ಚಿನ ಪುಸ್ತಕ ಇದ್ದ ಹಾಗೆ ಇದೆ. ಮೊದಮೊದಲ ಸಾಲುಗಳಲ್ಲಿ ಹೆಚ್ಚಾಗಿ ಗಂಡಸರು, ಅಲ್ಲಲ್ಲಿ ಹೆಂಗಸರು. ಆಗಸ್ಟ್ ಮಧ್ಯದಿಂದ ಇನ್ನೊಂದು ಪದ ಬರಲು ಶುರುವಾಗುತ್ತದೆ, ಯಹೂದಿ ಮಕ್ಕಳು. ನಿಮಗೆ ಮೆಟ್ಟಿಲು ಬೇಕೇ ಬೇಕು ಅಂದರೆ ಅಲ್ಲಿದೆ ನೋಡಿ.

ಕೀವ್‌ನಲ್ಲಿ ಸೆಪ್ಟೆಂಬರ್ 29, 30, ಎರಡೇ ದಿನದಲ್ಲಿ ಬಾಬಿ ಯಾರ್ ಕಮರಿಯಲ್ಲಿ 33,771 ಯಹೂದಿಗಳನ್ನು ಕೊಂದರು. ಅವರಿಗೆ ಊರಲ್ಲಿ ನೋಟೀಸ್ ಅಂಟಿಸಿ, ಕಾಗದಪತ್ರ, ದುಡ್ಡು, ಬೆಚ್ಚನೆ ಬಟ್ಟೆ ತನ್ನಿ ಅಂದಿದ್ದರು. ಎಲ್ಲೋ ಕಳಿಸುತ್ತಾರೆ ಅಂದುಕೊಂಡು ಹೋದರು. ಶಿಬಿರಗಳಲ್ಲಿದ್ದ ಹಾಗೆ ವಿಷದ ಗ್ಯಾಸೂ ಅಲ್ಲಿ ಇಲ್ಲ, ಎಲ್ಲ ಗುಂಡಿನಿಂದಲೇ.

ಪಿಯು ಇತಿಹಾಸ:
ಹಳೇ ಕಡತ ಸರ್ ಹೇಳಿದ್ದು ನೂರಕ್ಕೆ ನೂರು ಸರಿ, ನಾನೂ ಈ ತಪ್ಪು ಮಾಡುತ್ತಿದ್ದೆ. ಆದರೆ ಎರಡನ್ನೂ ಹೇಳಬೇಕು. ಜರ್ಮನಿಯಲ್ಲಿ ಆ ಎಂಟು ವರ್ಷ ನಡೆದದ್ದು ಯಹೂದಿಗಳ ಮೇಲೆ ಮಾತ್ರ ಅಲ್ಲ, ಅಕ್ಕಪಕ್ಕದ ಜರ್ಮನರ ಮೇಲೂ ನಡೆಯಿತು. ಪಕ್ಕದ ಮನೆಯವನಿಗೆ ಪಾರ್ಕಿನ ಬೆಂಚಿಲ್ಲ, ರೇಡಿಯೋ ಇಲ್ಲ, ಬೆಕ್ಕಿಲ್ಲ ಅನ್ನುವುದು ಅವರಿಗೆ ಅಭ್ಯಾಸ ಆಯಿತು. ಪೂರ್ವಕ್ಕೆ ಹೋಗಿ ಗುಂಡು ಹೊಡೆದವರು ಆ ಊರುಗಳಿಂದಲೇ ಹೋದವರು.

ಬೆಕ್ಕಿನ ಪ್ರಶ್ನೆಗೂ ನನ್ನ ಉತ್ತರ ಇಲ್ಲೇ ಇದೆ. ಯಾರೋ ಒಬ್ಬ ಮೇಲೆ ಕೂತು 1933ರಲ್ಲೇ ಪೂರ್ತಿ ಪಟ್ಟಿ ಬರೆದಿಟ್ಟಿರಲಿಲ್ಲ. ಸಚಿವಾಲಯ ಒಂದು ನಿಯಮ ತಂದರೆ ನಗರಸಭೆ ಇನ್ನೊಂದು ತರುತ್ತಿತ್ತು, ಪಕ್ಷದವರು ಮತ್ತೊಂದು. ಚೆಸ್ ಸಂಘ, ಹಾಡುಗಾರರ ಸಂಘಗಳೂ 1933ರಲ್ಲೇ ಯಹೂದಿ ಸದಸ್ಯರನ್ನು ಹೊರಹಾಕಿದವು. ಒಂದು ಕಡೆ ಕೊಲೆ ನಡೆಯುತ್ತಿದ್ದರೂ ಇನ್ನೊಂದು ಕಚೇರಿಯ ಕಡತ ತನ್ನ ಪಾಡಿಗೆ ತಾನು ಓಡುತ್ತಲೇ ಇತ್ತು. 1942ರ ಜನವರಿ 20ರಂದು ಬರ್ಲಿನ್ನಿನ ಒಂದು ಬಂಗಲೆಯಲ್ಲಿ ನಡೆದ ವಾನ್‌ಸೀ ಸಭೆ ನೋಡಿ. ಕೊಲ್ಲೋಣವೇ ಬೇಡವೇ ಅಂತ ಅಲ್ಲಿ ತೀರ್ಮಾನ ಆಗಿದ್ದು ಅಂತ ತುಂಬಾ ಜನ ತಿಳಿದಿದ್ದಾರೆ. ಅಷ್ಟು ಹೊತ್ತಿಗೆ ಲಕ್ಷಗಟ್ಟಲೆ ಜನರನ್ನು ಕೊಂದಾಗಿತ್ತು. ಅಲ್ಲಿ ಸೇರಿದ 15 ಜನ ಅಧಿಕಾರಿಗಳು ಇಲಾಖೆ ಇಲಾಖೆಗಳ ನಡುವೆ ಕೆಲಸ ಹೊಂದಿಸಿಕೊಂಡರು, ಸುಮಾರು ಒಂದೂವರೆ ಗಂಟೆ.

ಬರ್ಲಿನ್ ಕನ್ನಡತಿ:
ಆ ಬಂಗಲೆ ಈಗ ಮ್ಯೂಸಿಯಂ ಆಗಿದೆ, ಕೆರೆ ದಂಡೆಯಲ್ಲಿ, ಮದುವೆ ಮಾಡುವಷ್ಟು ಚೆಂದದ ಜಾಗ. ಸಭೆಯ ವರದಿಯಲ್ಲಿ ದೇಶವಾರು ಪಟ್ಟಿ ಇದೆ, ಒಟ್ಟು 1 ಕೋಟಿ 10 ಲಕ್ಷ ಯಹೂದಿಗಳು. ಅವರ ಕೈಗೆ ಸಿಗದ ಇಂಗ್ಲೆಂಡಿನವರೂ ಇದ್ದಾರೆ, ಐರ್ಲೆಂಡಿನ 4,000 ಜನರೂ ಇದ್ದಾರೆ. ಎಸ್ಟೋನಿಯಾದ ಮುಂದೆ ಸಂಖ್ಯೆಯೇ ಇಲ್ಲ, "ಯಹೂದಿಮುಕ್ತ" ಅಂತ ಬರೆದಿದೆ. ಅಷ್ಟೊತ್ತಿಗೆ ಮುಗಿಸಿಬಿಟ್ಟಿದ್ದರು.

ನಿವೃತ್ತ ರೈಲ್ವೆ ಗುಮಾಸ್ತ:
ನಾನು ಇತಿಹಾಸ ಓದಿದವನಲ್ಲ. 31 ವರ್ಷ ರೈಲ್ವೆಯಲ್ಲಿ ಟಿಕೆಟು, ದರ, ರಿಯಾಯಿತಿ ಅಂತ ಲೆಕ್ಕ ಬರೆದವನು. ನಿವೃತ್ತಿ ಆದಮೇಲೆ ಇದನ್ನೆಲ್ಲ ಓದುತ್ತಾ ಕೂತಿದ್ದಾಗ ಒಂದು ವಿಷಯ ಸಿಕ್ಕಿತು, ಎರಡು ದಿನ ಸರಿಯಾಗಿ ನಿದ್ದೆ ಬರಲಿಲ್ಲ. ಶಿಬಿರಗಳಿಗೆ ಜನರನ್ನು ಒಯ್ದ ರೈಲುಗಳಿಗೆ ಜರ್ಮನ್ ರೈಲ್ವೆ ದರ ವಸೂಲಿ ಮಾಡುತ್ತಿತ್ತು. ಮೂರನೇ ದರ್ಜೆ, ಕಿಲೋಮೀಟರ್ ಲೆಕ್ಕ, ಹೋಗುವ ಟಿಕೆಟ್ ಮಾತ್ರ. ಹತ್ತು ವರ್ಷದ ಒಳಗಿನ ಮಕ್ಕಳಿಗೆ ಅರ್ಧ. ನಾಲ್ಕು ವರ್ಷದ ಒಳಗಿನವರಿಗೆ ಟಿಕೆಟ್ ಇಲ್ಲ. 400ಕ್ಕಿಂತ ಜಾಸ್ತಿ ಜನ ಇದ್ದರೆ ಗುಂಪಿನ ರಿಯಾಯಿತಿ. ಪ್ರಯಾಣಿಕರ ದರ, ಆದರೆ ತುಂಬಿದ್ದು ಗೂಡ್ಸ್ ವ್ಯಾಗನ್ನಿಗೆ.

ಗುಂಪಿನ ರಿಯಾಯಿತಿ ನಾನೂ ಎಷ್ಟೋ ಸಲ ಹಾಕಿಕೊಟ್ಟಿದ್ದೇನೆ, ಯಾತ್ರೆಗೆ, ಮದುವೆ ದಿಬ್ಬಣಕ್ಕೆ. ಕೌಂಟರ್ ಒಳಗೆ ಕೂತವನಿಗೆ ಯಾರು ಎಲ್ಲಿಗೆ ಯಾಕೆ ಹೋಗುತ್ತಾರೆ ಅನ್ನುವುದು ಬೇಕಾಗಿಲ್ಲ, ಲೆಕ್ಕ ತಾಳೆ ಆದರೆ ಸಾಕು. ಮೇಡಂ ಕಡತ ಓಡುತ್ತಿತ್ತು ಅಂದರಲ್ಲ, ಅದು ನನಗೆ ತಕ್ಷಣ ಅರ್ಥ ಆಯಿತು.

ಬರ್ಲಿನ್ ಕನ್ನಡತಿ:
ಸರ್, ಇಲ್ಲಿ ಗ್ರುನೆವಾಲ್ಡ್ ಸ್ಟೇಷನ್ನಿನ 17ನೇ ಪ್ಲಾಟ್‌ಫಾರಂ ಹಾಗೇ ಉಳಿಸಿದ್ದಾರೆ. ಅಂಚಿನುದ್ದಕ್ಕೂ 186 ಉಕ್ಕಿನ ಹಲಗೆ. ಒಂದೊಂದು ರೈಲಿಗೆ ಒಂದೊಂದು: ತಾರೀಕು, ಎಷ್ಟು ಯಹೂದಿಗಳು, ಎಲ್ಲಿಗೆ. ಮೊದಲನೆಯದು 1941ರ ಅಕ್ಟೋಬರ್ 18, ಲೋಡ್ಜ್‌ಗೆ. ಕೊನೆಯದು 1945ರ ಮಾರ್ಚ್ 27. ಅಂದರೆ ಸೋಲು ಬಾಗಿಲಿಗೆ ಬಂದು ನಿಂತಿದ್ದಾಗ. ಹೊರಡುವ ಮೊದಲು 16 ಪುಟದ ಆಸ್ತಿ ಫಾರಂ ಬೇರೆ ತುಂಬಿಸಿಕೊಳ್ಳುತ್ತಿದ್ದರು. ಮನೆಯ ಸಾಮಾನೆಲ್ಲ ಹರಾಜಿಗೆ. ಕೊಂಡವರು ಊರಿನವರೇ.

ಶಿಸ್ತಿನ ಸಿಪಾಯಿ:
ಎಲ್ಲಾ ಸರಿ, ಆದರೆ ದೇಶಕ್ಕೆ ಶಿಸ್ತು ತಂದಿದ್ದು, ಎಲ್ಲರಿಗೂ ಕೆಲಸ ಕೊಟ್ಟಿದ್ದು ಹಿಟ್ಲರೇ ಅಲ್ವಾ. ನಮ್ಮ ಕಡೆ ಫುಟ್‌ಪಾತಿನಲ್ಲಿ ಅವನ ಪುಸ್ತಕ ಇವತ್ತಿಗೂ ಮಾರಾಟ ಆಗುತ್ತದೆ. ಮತ್ತೆ ಈ 60 ಲಕ್ಷದ ಲೆಕ್ಕ ಗೆದ್ದವರು ಬರೆದಿದ್ದು ಅಂತ ಒಂದು ಫಾರ್ವರ್ಡ್ ಬಂದಿತ್ತು.

ಹಳೇ ಕಡತ:
ಕೆಲಸ ಕೊಟ್ಟಿದ್ದು ಮುಖ್ಯವಾಗಿ ಬಂದೂಕು ಮಾಡುವುದಕ್ಕೆ, ಅದೂ ಸಾಲ ಮಾಡಿ. ಕೆಲಸದಿಂದ ತೆಗೆದ ಯಹೂದಿಗಳ ಕುರ್ಚಿಯಲ್ಲಿ ಬೇರೆಯವರನ್ನು ಕೂರಿಸಿದ್ದನ್ನೂ "ಕೊಟ್ಟ" ಲೆಕ್ಕಕ್ಕೇ ಹಾಕುತ್ತೀರಾ?

ಇನ್ನು ಗೆದ್ದವರ ಲೆಕ್ಕ. ಹೆರ್ಮನ್ ಹೋಫ್ಲೆ ಅನ್ನುವ ಎಸ್‌ಎಸ್ ಅಧಿಕಾರಿ 1943ರ ಜನವರಿಯಲ್ಲಿ ಗುಪ್ತ ಸಂದೇಶ ಕಳಿಸಿದ. ಬ್ರಿಟಿಷರು ಅದನ್ನು ಆಗಲೇ ಹಿಡಿದು ಬಿಡಿಸಿದ್ದರು, ಆದರೆ ಏನೆಂದು ತಿಳಿಯದೆ ಕಡತಕ್ಕೆ ಹಾಕಿದರು. 2000ದಲ್ಲಿ ಹೊರಬಂತು. 1942ರ ಕೊನೆಯ ತನಕ ನಾಲ್ಕು ಶಿಬಿರಗಳಿಗೆ ಬಂದವರು 12,74,166. ಬರೆದಿದ್ದು ಯಾರು? ಕೊಂದವರೇ. ಫಾರ್ವರ್ಡ್ ಕಳಿಸಿದವರಿಗೆ ಇದನ್ನು ವಾಪಸ್ ಕಳಿಸಿ.

ಮೇಷ್ಟ್ರೇ, ಇದಕ್ಕೆ ಹತ್ತು ನಿಮಿಷ ಇಟ್ಟುಕೊಳ್ಳಿ. ನಮ್ಮಲ್ಲಿ ಜೋರು ಇರುವ ಹೆಡ್‌ಮಾಸ್ಟರಿಗೆ "ಹಿಟ್ಲರ್" ಅಂತ ಅಡ್ಡಹೆಸರು ಇಡುತ್ತೇವೆ, ಅದರಲ್ಲಿ ಅರ್ಧ ಮೆಚ್ಚುಗೆ. ಮಕ್ಕಳು ಅದನ್ನು ತಲೆಯಲ್ಲಿ ಇಟ್ಟುಕೊಂಡೇ ಬಂದಿರುತ್ತಾರೆ.

ಐಐಎಸ್‌ಸಿ ಪಕ್ಕದ ಮನೆ:
ಇದು ನಮಗೆ ಸಂಬಂಧ ಇಲ್ಲದ ಕಥೆ ಅನ್ನುವ ಮಕ್ಕಳಿಗೆ ಬೆಂಗಳೂರಿನದೊಂದು ಚೀಟಿ. ಪಿಯು ಮೇಡಂ ಹೇಳಿದ 1933ರ ಏಪ್ರಿಲ್ ಕಾನೂನಿನಿಂದ ಗಾಟಿಂಗೆನ್ನಿನಲ್ಲಿ ಕೆಲಸ ಕಳೆದುಕೊಂಡವರಲ್ಲಿ ಭೌತವಿಜ್ಞಾನಿ ಮ್ಯಾಕ್ಸ್ ಬಾರ್ನ್ ಒಬ್ಬರು. ಸಿ.ವಿ. ರಾಮನ್ ಕರೆಸಿಕೊಂಡರು, 1935-36ರಲ್ಲಿ ಸುಮಾರು ಆರು ತಿಂಗಳು ಬೆಂಗಳೂರಿನ ವಿಜ್ಞಾನ ಸಂಸ್ಥೆಯಲ್ಲಿದ್ದರು. ರಾಮನ್ ಇಲ್ಲೇ ಉಳಿಸಿಕೊಳ್ಳಲು ನೋಡಿದರು, ಆಗಲಿಲ್ಲ. ಎಡಿನ್‌ಬರೋಗೆ ಹೋದರು, 1954ರಲ್ಲಿ ನೊಬೆಲ್ ಬಂತು. ಅವರ ಸೋದರಳಿಯ ಆಟೊ ಕೋನಿಗ್ಸ್‌ಬರ್ಗರ್ ವಾಸ್ತುಶಿಲ್ಪಿ, ಅವರೂ 1933ರಲ್ಲಿ ದೇಶ ಬಿಟ್ಟವರು. 1939ರಲ್ಲಿ ಮೈಸೂರು ಸಂಸ್ಥಾನಕ್ಕೆ ಬಂದು ಮುಖ್ಯ ವಾಸ್ತುಶಿಲ್ಪಿ ಆದರು. ವಿಜ್ಞಾನ ಸಂಸ್ಥೆಯ ಕೆಲವು ಕಟ್ಟಡ ಅವರದ್ದೇ, ನಾನು ದಿನಾ ಅದರ ಮುಂದೆ ವಾಕಿಂಗ್ ಹೋಗುತ್ತೇನೆ.

ಸುಮ್ನೆ ಓದುವವ:
ಇದು ಗೊತ್ತೇ ಇರಲಿಲ್ಲ. ಇನ್ನೊಂದು ಕೇಳಲಾ, ಬೈಯಬೇಡಿ. ಯಾರೂ ತಡೆಯಲಿಲ್ಲವಾ?

ಪಿಯು ಇತಿಹಾಸ:
ಬೈಯುವುದೇಕೆ, ಪಾಠದಲ್ಲಿ ಇದು ಇರಲೇಬೇಕು. ಯಹೂದಿಗಳಿಗಿಂತ ಮುಂಚೆ ಗ್ಯಾಸಿನಿಂದ ಕೊಂದಿದ್ದು ಅಂಗವಿಕಲರನ್ನು, ಮಾನಸಿಕ ರೋಗಿಗಳನ್ನು. ಜರ್ಮನಿಯ ಒಳಗೇ, ಆರು ಕಡೆ, ಸುಮಾರು 70 ಸಾವಿರ ಜನ. 1941ರ ಆಗಸ್ಟ್ 3ರಂದು ಮ್ಯುನ್‌ಸ್ಟರಿನ ಬಿಷಪ್ ಫಾನ್ ಗಾಲೆನ್ ಚರ್ಚಿನಲ್ಲೇ ನಿಂತು ಇದು ಕೊಲೆ ಅಂದರು. ಅದೇ ತಿಂಗಳು ಹಿಟ್ಲರ್ ನಿಲ್ಲಿಸಲು ಹೇಳಿದ. ಗುಟ್ಟಾಗಿ ಮುಂದುವರಿಯಿತು, ಅದು ಬೇರೆ ಮಾತು. ಆದರೆ ಜನ ಗಲಾಟೆ ಮಾಡಿದರೆ ಸರ್ಕಾರ ಹಿಂದೆಗೆಯುತ್ತಿತ್ತು ಅಂತ ಗೊತ್ತಾಗುತ್ತದೆ. ಯಹೂದಿಗಳ ಪರವಾಗಿ ಆ ಥರದ ಗಲಾಟೆ ಆಗಲಿಲ್ಲ. ಅಂಗವಿಕಲರನ್ನು ಕೊಂದ ಆ ಆರು ಕಡೆ ಕೆಲಸ ಕಲಿತವರಲ್ಲಿ ಹಲವರನ್ನು ಆಮೇಲೆ ಟ್ರೆಬ್ಲಿಂಕಾ, ಸೋಬಿಬೋರ್‌ಗೆ ಹಾಕಿದರು.

ಡೆನ್ಮಾರ್ಕ್ ಕೂಡ ಹೇಳಿ. 1943ರ ಅಕ್ಟೋಬರಿನಲ್ಲಿ ಮೀನುಗಾರರ ದೋಣಿಗಳಲ್ಲಿ 7,000ಕ್ಕೂ ಜಾಸ್ತಿ ಯಹೂದಿಗಳನ್ನು ಸ್ವೀಡನ್ನಿಗೆ ದಾಟಿಸಿದರು. ವಾರ್ಸಾ ಘೆಟ್ಟೋ, ಅಂದರೆ ಆ ಗೋಡೆಯ ಒಳಗೆ, ಇತಿಹಾಸಕಾರ ಎಮಾನ್ಯುಯೆಲ್ ರಿಂಗೆಲ್‌ಬ್ಲುಮ್ ಮತ್ತು ಗೆಳೆಯರು ಡೈರಿ, ಮಕ್ಕಳ ಪ್ರಬಂಧ, ಟ್ರಾಮ್ ಟಿಕೆಟ್ ಎಲ್ಲ ಕೂಡಿಟ್ಟು ಹಾಲಿನ ಕ್ಯಾನಿನಲ್ಲಿ, ತಗಡಿನ ಡಬ್ಬಿಯಲ್ಲಿ ಹೂತಿಟ್ಟರು. ಸುಮ್ಮನೆ ಸತ್ತರು ಅಂತ ಮಕ್ಕಳು ತಿಳಿದುಕೊಂಡು ಹೋಗಬಾರದು.

ಸಮಾಜ ಮೇಷ್ಟ್ರು:
ಎಲ್ಲರಿಗೂ ಥ್ಯಾಂಕ್ಸ್. ಏಣಿ ಬರೆಯುವುದು ಬಿಟ್ಟೆ. ಚೀಟಿ ಈಗ 26 ಆಗಿವೆ. ಬ್ರೆಡ್ಡು, ಚೆಸ್ ಸಂಘ, ಯೇಗರನ ವರದಿ, ಹಾಲಿನ ಕ್ಯಾನು ಸೇರಿಸಿದೆ. ಜರ್ಮನಿಯದ್ದು ಬಿಳಿ ಹಾಳೆ, ಪೂರ್ವದ್ದು ಹಳದಿ ಹಾಳೆ ಅಂತ ಮಾಡಿದ್ದೆ, ಹಳದಿ ಬಣ್ಣ ಯಾಕೋ ಸರಿ ಕಾಣಲಿಲ್ಲ, ಬೂದು ತರಿಸಿದೆ. ಫೋಟೋ ಇಲ್ಲ, ಒಂದೂ ಇಲ್ಲ. ಬೆಕ್ಕಿನ ಪ್ರಶ್ನೆ ಕೇಳಿದ ಹುಡುಗಿ ಈಗ ಹತ್ತನೇ ಕ್ಲಾಸು. ಶನಿವಾರ ಅವಳನ್ನೂ ಕೂರಿಸಿಕೊಂಡು ಮುಶೆಲ್ ಕಥೆ ಹೇಳುತ್ತೇನೆ, ಒಂದು ವರ್ಷ ಬಾಕಿ ಉಳಿಸಿಕೊಂಡಿದ್ದೇನಲ್ಲ.

ರೈಲ್ವೆ ಸರ್, ಟಿಕೆಟಿನ ಚೀಟಿ ನೀವೇ ಬರೆದುಕೊಡುತ್ತೀರಾ? ನಿಮ್ಮ ಇಲಾಖೆ ಭಾಷೆಯಲ್ಲೇ ಇರಲಿ.

ನಿವೃತ್ತ ರೈಲ್ವೆ ಗುಮಾಸ್ತ:
ಬರೆದೆ ಮೇಷ್ಟ್ರೇ, ಹೀಗೆ ಸಾಕಾ ನೋಡಿ.

"ಮೂರನೇ ದರ್ಜೆ. ದೊಡ್ಡವರಿಗೆ ಪೂರ್ತಿ ದರ. 10 ವರ್ಷದ ಒಳಗಿನವರಿಗೆ ಅರ್ಧ ದರ. 4 ವರ್ಷದ ಒಳಗಿನವರಿಗೆ ಉಚಿತ. 400ಕ್ಕೂ ಹೆಚ್ಚು ಜನರಿದ್ದಲ್ಲಿ ರಿಯಾಯಿತಿ. ಹೋಗುವ ಪ್ರಯಾಣ ಮಾತ್ರ. ಹೋಗಿಬರುವ ದರ ಕಾವಲಿನವರಿಗೆ."